ಕೆಲಸ ಬಿಟ್ಟ ಮೇಲೆ ಹಳೆ ಕಂಪನಿ ಮೇಲೆ ಲಿಂಗ ತಾರತಮ್ಯದ ದೂರು: ಯಾವ ಬಾಗಿಲು, ಎಷ್ಟು ದಿನ?

ಸುಮಾ_ಬನಶಂಕರಿ
ನಮ್ಮ ನೆರವಿನ ಗುಂಪಿಗೆ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರ್ತಾ ಇದೆ, ಗೊತ್ತಿರೋರು ಬಿಡಿಸಿ ಹೇಳಿ. ಕೆಲಸ ಹೋಗಿದೆ, ಇಲ್ಲಾ ರಾಜೀನಾಮೆ ಬರೆಸಿಕೊಂಡಿದ್ದಾರೆ. ರಿಲೀವಿಂಗ್ ಲೆಟರ್ ಕೈಗೆ ಬಂದಾಗಿದೆ. ಈಗ "ಹೆಣ್ಣು ಅನ್ನೋ ಕಾರಣಕ್ಕೇ ಹೀಗೆ ಮಾಡಿದ್ರು" ಅಂತ ದೂರು ಕೊಡಬೇಕು. ಮುಖ್ಯವಾಗಿ ಮೂರು ಥರದವರು ಬರ್ತಾರೆ. ಬಸುರಿ ಅಂತ ತಿಳಿಸಿದ ಎರಡು ತಿಂಗಳಲ್ಲೇ "ಪರ್ಫಾರ್ಮೆನ್ಸ್ ಇಲ್ಲ" ಅಂತ ತೆಗೆದದ್ದು ಒಂದು. ಪಕ್ಕದ ಸೀಟಿನ ಗಂಡಸಿಗೆ ಅದೇ ಕೆಲಸಕ್ಕೆ ಜಾಸ್ತಿ ಸಂಬಳ ಇತ್ತು ಅಂತ ಬಿಟ್ಟ ಮೇಲೆ ಗೊತ್ತಾದದ್ದು ಇನ್ನೊಂದು. ಮ್ಯಾನೇಜರ್ ಕಾಟ ತಾಳಲಾರದೆ ತಾವೇ ಬಿಟ್ಟದ್ದು ಮೂರನೇದು. ಎಲ್ಲರೂ ಕೇಳೋದು, "ನೌಕರಿಯಲ್ಲೇ ಇಲ್ಲ, ಈಗ ನಮ್ಮ ಮಾತು ಯಾರು ಕೇಳ್ತಾರೆ?"

ವಕೀಲ_ಧಾರವಾಡ
ಕೇಳ್ತಾರ ರೀ, ಆದ್ರ ಸರಿಯಾದ ಕಡೆ ಹೋಗಬೇಕು. ಖಾಸಗಿ ಕಂಪನಿ ಮ್ಯಾಲೆ "ಲಿಂಗ ತಾರತಮ್ಯ" ಅಂತ ಒಂದ ಹೆಸರಿನ ಕೇಸ್ ನಮ್ಮ ದೇಶದಾಗ ಇಲ್ಲ. ನೋವು ಒಂದ ಇದ್ರೂ ಅದನ್ನ ತುಂಡು ಮಾಡಬೇಕಾಗತದ. ಬಸುರಿತನದ್ದು ಒಂದು ಬಾಗಿಲು, ಸಂಬಳದ್ದು ಇನ್ನೊಂದು, ಕಿರುಕುಳದ್ದು ಮತ್ತೊಂದು, ಕೆಲಸದಿಂದ ತೆಗೆದದ್ದು ನಾಲ್ಕನೇದು. ಪ್ರತಿಯೊಂದಕ್ಕೂ ಬ್ಯಾರೆ ಗಡುವು. 60 ದಿನ, 3 ತಿಂಗಳು, 2 ವರ್ಷ, 3 ವರ್ಷ. ಎಲ್ಲಾ ಸೇರಿಸಿ ಒಂದ ಅರ್ಜಿ ಬರದು ಒಂದ ಕಚೇರಿಗೆ ಕೊಟ್ಟು ಕುಂತ್ರ, ಉಳಿದ ಮೂರರ ಗಡುವು ಸುಮ್ಮನ ಹೋಗಿಬಿಡತದ. ಹೆಚ್ಚು ಜನ ಸೋಲೂದು ಇಲ್ಲೇ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆ ಜಾರಿಗೆ ಬಂದಾವ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗ, 1976ರ ಸಮಾನ ವೇತನ ಕಾಯ್ದೆ ವೇತನ ಸಂಹಿತೆಯೊಳಗ ಸೇರ್ಯಾವ. ಘಟನೆ ಅದಕ್ಕಿಂತ ಮೊದಲಿಂದಾದ್ರ ಹಳೇ ಕಾಯ್ದೆಯ ಹಕ್ಕು ಸಾಯೂದಿಲ್ಲ. ಅರ್ಜಿಯೊಳಗ ಎರಡೂ ಕಾಯ್ದೆಯ ಹೆಸರು ಬರೀರಿ.

ಕರಾವಳಿ_ಕಾವ್ಯ
ಲಿಂಗ ನೋಡಿ ತಾರತಮ್ಯ ಮಾಡಬಾರದು ಅನ್ನುವ ಸಂವಿಧಾನದ 15ನೇ ವಿಧಿ ಉಂಟಲ್ಲ? ಸೀದಾ ಹೈಕೋರ್ಟಿಗೆ ರಿಟ್ ಹಾಕಿದರೆ ಆಗುವುದಿಲ್ಲವಾ?

ವಕೀಲ_ಧಾರವಾಡ
ಎದುರಿಗೆ ಸರ್ಕಾರ, ಇಲ್ಲಾ ಸರ್ಕಾರಿ ಸಂಸ್ಥೆ ಇದ್ರ ಆಗತದ. ಸಮಾನತೆಯ 14, 15, 16ನೇ ವಿಧಿ ಕಟ್ಟಿಹಾಕೂದು ಸರ್ಕಾರದ ಕೈಯನ್ನ. ಮೊದಲ ಬಸುರಿಗೇ ಗಗನಸಖಿಯ ಕೆಲಸ ತೆಗಿಯೂ ನಿಯಮವನ್ನ 1981ರಾಗ ನರ್ಗೀಸ್ ಮಿರ್ಜಾ ಪ್ರಕರಣದಾಗ ಸುಪ್ರೀಂ ಕೋರ್ಟ್ ಹೊಡದು ಹಾಕಿದ್ದು ಏರ್ ಇಂಡಿಯಾ ಅವಾಗ ಸರ್ಕಾರದ್ದಿತ್ತು ಅಂತ. ನಮ್ಮ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ಅವರು ಬಡ್ತಿ ತಪ್ಪಿಸಿದ್ದಕ್ಕ ಸುಪ್ರೀಂ ಕೋರ್ಟಿಗೆ ಹೋಗಿ, ಮದುವಿ ಆಗಬೇಕಾದ್ರ ಹೆಣ್ಣು ಅಧಿಕಾರಿ ಅನುಮತಿ ತಗೋಬೇಕು ಅನ್ನೂ ವಿದೇಶಾಂಗ ಸೇವೆಯ ನಿಯಮವನ್ನ 1979ರಾಗ ಪ್ರಶ್ನೆ ಮಾಡಿದ್ದೂ ಸರ್ಕಾರದ ವಿರುದ್ಧನ. ವೈಟ್‌ಫೀಲ್ಡಿನ ಖಾಸಗಿ ಕಂಪನಿ ಮ್ಯಾಲೆ ಆ ದಾರಿ ನಡಿಯೂದಿಲ್ಲ.

ನದೀತೀರ
2024ರ ಫೆಬ್ರುವರಿ ತೀರ್ಪನ್ನೂ ಸೇರಿಸಿ. ಮದುವೆಯಾದರು ಅಂತ 1988ರಲ್ಲಿ ಮಿಲಿಟರಿ ನರ್ಸಿಂಗ್ ಸೇವೆಯಿಂದ ಬಿಡುಗಡೆ ಮಾಡಿದ್ದ ಸೆಲಿನಾ ಜಾನ್ ಅವರಿಗೆ 60 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ ಹೇಳ್ತು. ಅದೂ ಸರ್ಕಾರದ ಮೇಲೇ.

ಹಳೆಬೇರು
ಬಸುರಿಯನ್ನು ತೆಗೆದ ವಿಷಯ ಮೊದಲು ಹೇಳ್ತೀನಿ, ಯಾಕೆಂದರೆ ಅದರ ಗಡುವು ತುಂಬಾ ಚಿಕ್ಕದು. ಹೆರಿಗೆ ಸೌಲಭ್ಯ ಇಲ್ಲ ಅಂತ ಆದೇಶ ಕೈಗೆ ಬಂದ ದಿನದಿಂದ 60 ದಿನದೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಮೇಲ್ಮನವಿ ಹೋಗಬೇಕು. ಹಳೆಯ ಕಾಯ್ದೆಯಲ್ಲೂ ಅಷ್ಟೇ ಇತ್ತು, ಹೊಸ ಸಂಹಿತೆಯಲ್ಲೂ ಅಷ್ಟೇ.

ಕಂಪನಿ ಹೇಳುವ ಮೊದಲ ಮಾತು, "ಹೆರಿಗೆ ದಿನ ನೀವು ನಮ್ಮ ರೋಲ್‌ನಲ್ಲೇ ಇರಲಿಲ್ಲ". ಇದು ನಿಲ್ಲೋದಿಲ್ಲ. ಬಸುರಿಯಾಗಿದ್ದಾಗ ತೆಗೆದರೂ, ತೆಗೆಯದಿದ್ದರೆ ಅವಳಿಗೆ ಸಿಗುತ್ತಿದ್ದ ಸೌಲಭ್ಯ ಸಿಗಲೇಬೇಕು. ನೋಡಬೇಕಾದ್ದು ಒಂದೇ ಲೆಕ್ಕ: ನಿರೀಕ್ಷಿತ ಹೆರಿಗೆ ದಿನದಿಂದ ಹಿಂದಕ್ಕೆ 12 ತಿಂಗಳು ಎಣಿಸಿದರೆ ಅದರಲ್ಲಿ 80 ದಿನ ಕೆಲಸ ಮಾಡಿದ್ದಾಳಾ? ಮಾಡಿದ್ದರೆ 26 ವಾರ. ಈಗಾಗಲೇ ಇಬ್ಬರು ಮಕ್ಕಳಿದ್ದರೆ 12 ವಾರ.

ಹಣದ ಲೆಕ್ಕ ಹೀಗೆ. ರಜೆ ಶುರುವಾಗುವ ಹಿಂದಿನ ಮೂರು ತಿಂಗಳ ಸರಾಸರಿ ದಿನಗೂಲಿ ತೆಗೀರಿ, 182ರಿಂದ ಗುಣಿಸಿ. ದಿನಕ್ಕೆ ₹1,200 ಆದರೆ ₹2,18,400. ಭಾನುವಾರ ಕಳೆದು 156 ದಿನಕ್ಕೆ ಕೊಡ್ತೀವಿ ಅಂತ ಕೆಲವು ಕಡೆ ಅಕೌಂಟ್ಸ್‌ನವರು ಹೇಳ್ತಾರೆ. ಆ ವಾದ ಬಿ. ಷಾ ಪ್ರಕರಣದಲ್ಲಿ 1977ರಲ್ಲೇ ಬಿದ್ದುಹೋಗಿದೆ. ವಾರ ಅಂದರೆ ಏಳು ದಿನ, ಭಾನುವಾರವೂ ಸೇರಿ. ಕಂಪನಿಯೇ ಉಚಿತವಾಗಿ ಬಸಿರು-ಬಾಣಂತಿ ಆರೈಕೆ ಕೊಡದಿದ್ದರೆ ₹3,500 ವೈದ್ಯಕೀಯ ಬೋನಸ್ ಕೂಡ ಸೇರಿಸಿ ಕೇಳಿ.

ಎಚ್‌ಆರ್_12ವರ್ಷ
ಕಂಪನಿ ಕಡೆಯಿಂದಲೂ ಒಂದು ಮಾತು ಇರಲಿ. ಬಸುರಿಯಾದ ಮಾತ್ರಕ್ಕೆ ಯಾರನ್ನೂ ತೆಗೆಯಲೇಬಾರದು ಅಂತಿಲ್ಲ. ಪಿಐಪಿ, ಅಂದರೆ ಇಷ್ಟು ದಿನದಲ್ಲಿ ಕೆಲಸ ಸುಧಾರಿಸಿಕೊಳ್ಳಿ ಅಂತ ಕೊಡುವ ನೋಟಿಸ್, ನಿಜವಾಗಿಯೂ ಕೆಲಸದ ಮೇಲೆ ಹಾಕಿದ್ದಿರಬಹುದು.

ಹಳೆಬೇರು
ಇರಬಹುದು, ಒಪ್ತೀನಿ. ಅದಕ್ಕೇ ತಾರೀಖುಗಳ ಸರಪಳಿ ಮುಖ್ಯ. ಒಂದು ಹಾಳೆಯಲ್ಲಿ ನಾಲ್ಕು ತಾರೀಖು ಬರೀರಿ: ಕೊನೆಯ ಅಪ್ರೈಸಲ್ ರೇಟಿಂಗ್ ಬಂದ ದಿನ, ಬಸುರಿ ಅಂತ ಲಿಖಿತವಾಗಿ ತಿಳಿಸಿದ ದಿನ, ಪಿಐಪಿ ಮೇಲ್ ಬಂದ ದಿನ, ತೆಗೆದ ದಿನ. ಮಾರ್ಚ್‌ನಲ್ಲಿ "ನಿರೀಕ್ಷೆ ಮೀರಿದೆ" ಅಂತ ರೇಟಿಂಗ್ ಕೊಟ್ಟು, ಮೇ 6ಕ್ಕೆ ಬಸುರಿ ಅಂತ ಮೇಲ್ ಹೋಗಿ, ಮೇ 20ಕ್ಕೆ ಪಿಐಪಿ ಬಂದಿದ್ದರೆ ಅಧಿಕಾರಿಗೆ ಬೇರೆ ವಿವರಣೆ ಬೇಕಾಗಲ್ಲ. ಪಿಐಪಿಯೇ ಮೊದಲು ಬಂದಿದ್ದರೆ ಕೇಸ್ ಕಷ್ಟ, ಅದನ್ನೂ ನೇರವಾಗಿ ಹೇಳಬೇಕು.

ಬಾಯಿಮಾತಲ್ಲಿ ಮಾತ್ರ ಹೇಳಿದವರ ಕೇಸ್ ಸೋಲೋದು ಇಲ್ಲೇ. "ನಮಗೆ ಗೊತ್ತೇ ಇರಲಿಲ್ಲ" ಅಂದುಬಿಡ್ತಾರೆ. ಸ್ಕ್ಯಾನಿಂಗ್‌ಗೆ ಅಂತ ಅರ್ಧ ದಿನ ರಜೆ ಹಾಕಿದ ಲೀವ್ ರಿಕ್ವೆಸ್ಟ್, ಆಫೀಸ್ ಕ್ಯಾಬ್ ಬೇಡ ಅಂತ ಕಾರಣ ಬರೆದ ಮೇಲ್, ಕಂಪನಿ ಇನ್ಶೂರೆನ್ಸ್ ಹೆಲ್ಪ್‌ಡೆಸ್ಕಿಗೆ ಹಾಕಿದ ಟಿಕೆಟ್, ಇವೂ ಗೊತ್ತಿತ್ತು ಅನ್ನೋದಕ್ಕೆ ಸಾಕ್ಷಿಯೇ. ಹುಡುಕಿ.

ಪೀಣ್ಯ_ಎರಡನೇಹಂತ
ನೀವೆಲ್ಲ ಐಟಿ ಮಾತೇ ಆಡ್ತಿದ್ದೀರ. ಗಾರ್ಮೆಂಟ್ಸ್ ಹೆಣ್ಮಕ್ಕಳ ವಿಷಯ ಬೇರೆ ಇದೆ. ಅಲ್ಲಿ ಡಿಸ್ಮಿಸ್ ಅನ್ನೋ ಪದವೇ ಬರಲ್ಲ. "ಈಗ ರಾಜೀನಾಮೆ ಕೊಟ್ಟು ಹೋಗಮ್ಮ, ಮಗು ಆದ್ಮೇಲೆ ಬಾ, ಮತ್ತೆ ಸೇರಿಸ್ಕೋತೀವಿ" ಅಂತಾರೆ. ಸಹಿ ಹಾಕಿದ್ಲು ಅಂದ್ರೆ ಸರ್ವೀಸ್ ಬ್ರೇಕ್. ನಾಲ್ಕು ವರ್ಷ ಎಂಟು ತಿಂಗಳಾಗಿರೋ ಟೈಲರ್‌ಗೆ ಐದು ವರ್ಷದ ಗ್ರ್ಯಾಚುಟಿ ಕೈತಪ್ಪಬಹುದು. ಹೊಸ ಟೋಕನ್ ನಂಬರ್, ಹೊಸಬರ ಸಂಬಳ. ರಜೆ ಅಂತ ಹೋಗಿದ್ದರೆ 26 ವಾರವೂ ನಿರಂತರ ಸೇವೆ ಅಂತಲೇ ಲೆಕ್ಕ.

ಹೆಚ್ಚಿನವರು ₹21,000 ಒಳಗಿನ ಸಂಬಳದವರು, ಅಂದ್ರೆ ನೌಕರರ ರಾಜ್ಯ ವಿಮೆ ಅನ್ನೋ ಇಎಸ್‌ಐ. ಅವರಿಗೆ ಹೆರಿಗೆ ದುಡ್ಡು ಕೊಡೋದು ಕಂಪನಿ ಅಲ್ಲ, ಇಎಸ್‌ಐ. ಹಿಂದಿನ ಎರಡು ಕಾಂಟ್ರಿಬ್ಯೂಷನ್ ಅವಧಿಯಲ್ಲಿ 70 ದಿನದ ವಂತಿಗೆ ಇರಬೇಕು. ಅವಧಿ ಅಂದ್ರೆ ಏಪ್ರಿಲ್–ಸೆಪ್ಟೆಂಬರ್ ಮತ್ತು ಅಕ್ಟೋಬರ್–ಮಾರ್ಚ್. ಬಹಳ ಜನಕ್ಕೆ ಗೊತ್ತಿಲ್ಲದ್ದು ಏನಂದ್ರೆ, ಏಪ್ರಿಲ್–ಸೆಪ್ಟೆಂಬರ್ ಕಟ್ಟಿದ್ದಕ್ಕೆ ಸೌಲಭ್ಯ ಸಿಗೋದು ಮುಂದಿನ ಜನವರಿ–ಜೂನ್‌ನಲ್ಲಿ. ಅಕ್ಟೋಬರ್‌ನಲ್ಲಿ ಕೆಲಸ ಬಿಡಿಸಿದ್ರೂ ಫೆಬ್ರವರಿಯಲ್ಲಿ ಹೆರಿಗೆಯಾದ್ರೆ ಆ ತಾಯಿ ಇಎಸ್‌ಐ ಬ್ರಾಂಚ್ ಆಫೀಸಿಗೆ ಹೋಗಿ ಕೇಳಬಹುದು. "ಕಂಪನಿ ಬಿಟ್ಟೆ, ಕಾರ್ಡ್ ಸತ್ತೋಯ್ತು" ಅಂತ ಮನೇಲಿ ಕೂತ್ಕೋಬೇಡಿ.

ಕರಾವಳಿ_ಕಾವ್ಯ
ಇದು ಗೊತ್ತೇ ಇರಲಿಲ್ಲ. ಕಾಂಟ್ರಾಕ್ಟಿನಲ್ಲಿ ಇರುವವರಿಗೆ? ಅವಧಿ ಮುಗಿಯಿತು, ಇನ್ನು ಏನೂ ಇಲ್ಲ ಅಂತಾರಲ್ಲ?

ಹಳೆಬೇರು
ಡಾ. ಕವಿತಾ ಯಾದವ್ ಪ್ರಕರಣ, ಸುಪ್ರೀಂ ಕೋರ್ಟ್, ಆಗಸ್ಟ್ 2023. ಗುತ್ತಿಗೆ ಅವಧಿ ಮುಗಿದ ಮೇಲೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕು. ದಿನಗೂಲಿಯವರಿಗೂ ಉಂಟು ಅನ್ನೋದು 2000ನೇ ಇಸವಿಯಲ್ಲೇ ದೆಹಲಿ ನಗರಪಾಲಿಕೆಯ ಮಸ್ಟರ್ ರೋಲ್ ಕೆಲಸಗಾರ್ತಿಯರ ಪ್ರಕರಣದಲ್ಲಿ ತೀರ್ಮಾನ ಆಗಿದೆ.

ವಕೀಲ_ಧಾರವಾಡ
ಸಂಬಳದ ವಿಷಯಕ್ಕ ಬರ್ತೀನಿ. ಹಳೇ ಕಂಪನಿ ಮ್ಯಾಲೆ ಹೆಣ್ಣುಮಗಳೊಬ್ಬಳು ಗೆದ್ದ ಕೇಸ್ ಕೇಳಿದ್ರ ನಾನು ಮೊದಲ ತಗಿಯೂದು ಆಡ್ರೆ ಡಿಕೋಸ್ಟಾ ಪ್ರಕರಣ. ಮುಂಬೈ, ಮೆಕಿನ್ನನ್ ಮೆಕೆಂಜಿ ಕಂಪನಿ. "ಲೇಡಿ ಸ್ಟೆನೋಗ್ರಾಫರ್" ಅಂತ ಹುದ್ದೆ. 1977ರ ಜೂನ್‌ನಾಗ ಕೆಲಸದಿಂದ ತಗದ ಮ್ಯಾಲೆ ಅರ್ಜಿ ಹಾಕಿದ್ರು. ಗಂಡಸ ಸ್ಟೆನೋಗಳಿಗೆ ಬ್ಯಾರೆ ಸಂಬಳ ಶ್ರೇಣಿ, ಹೆಂಗಸರಿಗೆ ಕಡಿಮಿದು. ಕಂಪನಿ ಎರಡು ವಾದ ಹೂಡಿತು. ಯೂನಿಯನ್ ಜೋಡಿ ಒಪ್ಪಂದ ಆಗೇದ ಅಂತ ಒಂದು, ಕೊಡೂ ಶಕ್ತಿ ಇಲ್ಲ ಅಂತ ಇನ್ನೊಂದು. 1987ರಾಗ ಸುಪ್ರೀಂ ಕೋರ್ಟ್ ಎರಡನ್ನೂ ಒಪ್ಪಲಿಲ್ಲ. ಹುದ್ದೆಯ ಹೆಸರು ಬ್ಯಾರೆ ಇಟ್ಟ ಮಾತ್ರಕ್ಕ ಕೆಲಸ ಬ್ಯಾರೆ ಆಗೂದಿಲ್ಲ. ಇವತ್ತಿಗೂ ಅದ ತತ್ತ್ವ.

ಈಗಿನ ವೇತನ ಸಂಹಿತೆಯೊಳಗ ಕೌಶಲ, ಶ್ರಮ, ಅನುಭವ, ಜವಾಬ್ದಾರಿ ಈ ನಾಲ್ಕು ನೋಡ್ತಾರ. ಹಳೇ ಕಾಯ್ದೆಯ ವ್ಯಾಖ್ಯೆಯೊಳಗ "ಅನುಭವ" ಇರಲಿಲ್ಲ. ಕಂಪನಿ ವಕೀಲ ಹಿಡಕೊಳ್ಳೂದು ಅದನ್ನ: "ಅವರು ಆರು ವರ್ಷದ ಅನುಭವದವರು, ಇವರು ನಾಲ್ಕು." ಅದಕ್ಕ ಉತ್ತರಾನೂ ವ್ಯಾಖ್ಯೆಯೊಳಗ ಅದ. ಆ ವ್ಯತ್ಯಾಸ ಕೆಲಸದಾಗ ಪ್ರಾಯೋಗಿಕವಾಗಿ ಮಹತ್ವದ್ದಲ್ಲ ಅಂತ ತೋರಿಸಬೇಕು. ಇಬ್ಬರಿಗೂ ಬಂದ ಕೆಲಸದ ಹಂಚಿಕೆ, ಶಿಫ್ಟ್ ರೋಸ್ಟರ್, ಆನ್‌ಕಾಲ್ ಪಟ್ಟಿ, ಒಬ್ಬರ ರಜೆಯೊಳಗ ಇನ್ನೊಬ್ಬರು ಕೆಲಸ ನಿಭಾಯಿಸಿದ ಮೇಲ್, ಇವು ಬೇಕು. ಜಾಬ್ ಡಿಸ್ಕ್ರಿಪ್ಷನ್ ಅನ್ನೂದು ಕಾಗದ. ದಿನಾ ಏನ ಮಾಡ್ತಿದ್ರು ಅನ್ನೂದ ಸಾಕ್ಷಿ.

ಲೆಕ್ಕಪತ್ರ_ಲೀಲಾ
ಲೆಕ್ಕ ನಾನು ಹೇಳ್ತೀನಿ. ಅವರಿಗೆ ₹62,000, ಇವರಿಗೆ ₹51,500. ತಿಂಗಳಿಗೆ ₹10,500 ವ್ಯತ್ಯಾಸ. ಕ್ಲೇಮ್ ಹುಟ್ಟಿದ ದಿನದಿಂದ 3 ವರ್ಷದೊಳಗೆ ಅರ್ಜಿ ಹಾಕಬೇಕು, ಅಂದರೆ ಹಿಂದಕ್ಕೆ 36 ತಿಂಗಳು: ₹3,78,000. ಕೆಲಸ ಬಿಟ್ಟ ಮೇಲೆ ಅರ್ಜಿಗೆ ಒಂದೊಂದು ತಿಂಗಳು ತಡವಾದಾಗಲೂ ಹಿಂದಿನ ತುದಿಯಿಂದ ಒಂದು ತಿಂಗಳು, ಅಂದರೆ ₹10,500, ಉದುರಿಹೋಗುತ್ತೆ. ತಕ್ಕ ಕಾರಣ ಇದ್ದರೆ ಸಂಬಳದ ಕ್ಲೇಮ್ ಕೇಳುವ ಪ್ರಾಧಿಕಾರ ತಡವನ್ನು ಮನ್ನಿಸಬಹುದು, ಆದರೆ ಅದನ್ನು ನಂಬಿ ಕೂರಬೇಡಿ.

ಬೇಸಿಕ್ ಮಾತ್ರ ಹೋಲಿಸಿ ಮೋಸ ಹೋಗಬೇಡಿ. ಲಿಂಗ ಸಮಾನ ವೇತನದ ಲೆಕ್ಕಕ್ಕೆ ಎಚ್‌ಆರ್‌ಎ, ಕನ್ವೇಯನ್ಸ್, ಓವರ್‌ಟೈಮ್ ಭತ್ಯೆ ಕೂಡ ಸೇರುತ್ತವೆ. ಬೇಸಿಕ್ ಇಬ್ಬರಿಗೂ ಒಂದೇ ಇಟ್ಟು ಭತ್ಯೆಯಲ್ಲಿ ವ್ಯತ್ಯಾಸ ಮಾಡಿರೋ ಪೇ-ಸ್ಲಿಪ್‌ಗಳು ಇರ್ತವೆ. ಪ್ರಾಧಿಕಾರ ಕ್ಲೇಮ್ ಮೊತ್ತದ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಹಾಕಬಹುದು. ಹತ್ತು ಪಟ್ಟು ಸಿಕ್ಕೇ ಸಿಗುತ್ತೆ ಅಂತಲ್ಲ, ಅದು ಮೇಲಿನ ಮಿತಿ.

ಎಚ್‌ಆರ್_12ವರ್ಷ
ಸಹೋದ್ಯೋಗಿಯ ಸಂಬಳ ಗೌಪ್ಯ. ಅದನ್ನು ಹೇಗೆ ಸಾಬೀತು ಮಾಡ್ತೀರಿ?

ವಕೀಲ_ಧಾರವಾಡ
ಆಕಿ ಸಾಬೀತು ಮಾಡೂದು ಬ್ಯಾಡ, ಕಂಪನಿನ ತರ್ಲಿ. ದಾಖಲೆ ತರಸೂದು, ಸಾಕ್ಷಿ ಕರಸೂದು, ಈ ಸಿವಿಲ್ ಕೋರ್ಟಿನ ಅಧಿಕಾರ ಪ್ರಾಧಿಕಾರಕ್ಕ ಅದ. ಅರ್ಜಿಯ ಜೋಡಿನ ಇನ್ನೊಂದು ಹಾಳಿ ಕೊಡ್ರಿ: "ಇಂಥಾ ವರ್ಷದಿಂದ ಇಂಥಾ ವರ್ಷದ ತನಕ ಇಂಥಾ ಗ್ರೇಡಿನ ಎಲ್ಲರ ವೇತನ ರಿಜಿಸ್ಟರ್ ಹಾಜರುಪಡಿಸಬೇಕು" ಅಂತ. "ಎಲ್ಲಾ ದಾಖಲೆ ಕೊಡಲಿ" ಅಂತ ಬರದ್ರ ತಿರಸ್ಕಾರ ಆಗತದ. ಗ್ರೇಡು, ಇಸವಿ, ರಿಜಿಸ್ಟರಿನ ಹೆಸರು ಖಚಿತ ಇರಬೇಕು. ಎರಡೂ ಒಂದ ಥರದ ಕೆಲಸ ಹೌದೋ ಅಲ್ಲೋ ಅನ್ನೂ ತಕರಾರು ಬಂದ್ರ ಅದನ್ನ ತೀರ್ಮಾನ ಮಾಡೂದು ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರಾಧಿಕಾರ. ಹಂಗಾಗಿ ಎರಡು ಹಂತ ಆಗಬಹುದು, ತಯಾರಿರ್ರಿ.

ಸುಮಾ_ಬನಶಂಕರಿ
ಫುಲ್ ಅಂಡ್ ಫೈನಲ್ ಪತ್ರದಲ್ಲಿ "ಇನ್ನು ಯಾವ ಕ್ಲೇಮೂ ಇಲ್ಲ" ಅಂತ ಸಹಿ ಹಾಕಿಬಿಟ್ಟಿದ್ದರೆ? ಹೆಚ್ಚಿನವರು ಹಾಕಿರ್ತಾರೆ.

ಲೆಕ್ಕಪತ್ರ_ಲೀಲಾ
ವೇತನ ಸಂಹಿತೆಯಡಿ ಬರಬೇಕಾದ ಹಣ ಬಿಟ್ಟುಕೊಡ್ತೀನಿ ಅಂತ ಮಾಡಿದ ಕರಾರು ಅಸಿಂಧು. ಹಾಗಾಗಿ ಸಮಾನ ವೇತನದ ಬಾಕಿಗೆ ಆ ಸಹಿ ಅಡ್ಡ ಬರಲ್ಲ. ಇನ್ನೊಂದು, ರಾಜೀನಾಮೆಯಾಗಲಿ ವಜಾ ಆಗಲಿ, ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಬರಬೇಕು. "ಸಹಿ ಹಾಕಿದ್ರೆ 45 ದಿನಕ್ಕೆ ದುಡ್ಡು" ಅನ್ನೋದಕ್ಕೆ ಕಾನೂನಿನ ಬಲ ಇಲ್ಲ.

ವಕೀಲ_ಧಾರವಾಡ
ಲೀಲಾ ಅವರ ಮಾತಿಗೆ ಒಂದು ತಿದ್ದುಪಡಿ. ಸಹಿ ಪೂರ್ತಿ ನಿರರ್ಥಕ ಅಂತ ತಿಳಕೋಬ್ಯಾಡ್ರಿ. ವಕೀಲರ ಮುಂದ ಮಾತಾಡಿ, ಹೆಚ್ಚಿಗಿ ಹಣ ತಗೊಂಡು ರಾಜಿ ಆಗಿದ್ರ ಕೆಲಸದಿಂದ ತಗದ ವಿವಾದ ಮತ್ತ ಎಬ್ಬಿಸೂದು ಬಹಳ ಕಷ್ಟ. ಸಹಿ ಹಾಕಲೇಬೇಕಾದ ಹೊತ್ತು ಬಂದ್ರ "ನನ್ನ ಹಕ್ಕುಗಳಿಗೆ ಬಾಧಕವಿಲ್ಲದಂತೆ" ಅಂತ ಸಹಿ ಮ್ಯಾಲೆ ಕೈಬರಹದಾಗ ಬರೀರಿ. ಬರಿಲಿಕ್ಕೆ ಬಿಡಲಿಲ್ಲ ಅಂದ್ರ ಅದ ದಿನ ಅದನ್ನ ಮೇಲ್ ಮಾಡ್ರಿ.

ದಾಖಲೆ_ಮುಖ್ಯ
ಆಫೀಸ್ ಲಾಗಿನ್ ಕಟ್ ಆಗುವ ಮೊದಲು ಅಂತ ಸಿಕ್ಕಿದ್ದೆಲ್ಲ ವೈಯಕ್ತಿಕ ಮೇಲ್‌ಗೆ ಫಾರ್ವರ್ಡ್ ಮಾಡಬೇಡಿ. ಗ್ರಾಹಕರ ಡೇಟಾ, ಕೋಡ್ ಅದರಲ್ಲಿ ಸೇರಿದ್ದರೆ "ಗೌಪ್ಯತೆ ಉಲ್ಲಂಘನೆ" ಅಂತ ತಿರುಗಿ ನಿಮ್ಮ ಮೇಲೇ ಬರ್ತಾರೆ. ಆಫರ್ ಲೆಟರ್, ಪೇ-ಸ್ಲಿಪ್, ಅಪ್ರೈಸಲ್, ನಿಮಗೇ ಬಂದ ಎಚ್‌ಆರ್ ಮೇಲ್, ಫಾರಂ 16 ಸಾಕು.

ವಾಟ್ಸಾಪ್ ಇದ್ದರೆ ಫೋನ್ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಬರೀ ಸ್ಕ್ರೀನ್‌ಶಾಟ್ ಸಾಲಲ್ಲ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಬೇಕು, ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಜಾಗದಲ್ಲಿ ಬಂದದ್ದು. ಎರಡು ಭಾಗ ಇದೆ. ಒಂದಕ್ಕೆ ನೀವು ಸಹಿ ಹಾಕಬೇಕು, ಇನ್ನೊಂದಕ್ಕೆ ತಜ್ಞರು. ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಒಂದಕ್ಷರ ತಿದ್ದಿದರೂ ಬದಲಾಗುತ್ತೆ) ನಮೂದಿಸಬೇಕು. ಚಾಟ್ ಎಕ್ಸ್‌ಪೋರ್ಟ್ ಮಾಡಿದ ದಿನವೇ ಹ್ಯಾಶ್ ತೆಗೆದಿಟ್ಟರೆ ಮುಂದೆ "ತಿದ್ದಿದ್ದಾರೆ" ಅನ್ನೋ ಮಾತಿಗೆ ಜಾಗ ಇರಲ್ಲ.

ಕರಾವಳಿ_ಕಾವ್ಯ
ಮೂರನೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಲೈಂಗಿಕ ಕಿರುಕುಳಕ್ಕೆ ಬಿಟ್ಟವರು ಹಳೆ ಆಫೀಸಿನಲ್ಲಿ ಅದರ ದೂರು ಕೇಳುವ ಆಂತರಿಕ ಸಮಿತಿಗೆ ಹೋಗಬಹುದಾ?

ಹಳೆಬೇರು
ಹೋಗಬಹುದು. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ನೊಂದ ಮಹಿಳೆ ಅಂದರೆ "ಅಲ್ಲಿ ಉದ್ಯೋಗದಲ್ಲಿರಲಿ, ಇಲ್ಲದಿರಲಿ". ಆದರೆ ಕೊನೆಯ ಘಟನೆಯಿಂದ 3 ತಿಂಗಳು. ಕಾರಣ ಬರೆದು ಸಮಿತಿ ಇನ್ನೂ 3 ತಿಂಗಳು ವಿಸ್ತರಿಸಬಹುದು, ಅದಕ್ಕಿಂತ ಮೇಲೆ ಇಲ್ಲ. ಎಣಿಕೆ ರಾಜೀನಾಮೆಯ ದಿನದಿಂದ ಅಲ್ಲ, ಕೊನೆಯ ಘಟನೆಯಿಂದ. ನೋಟಿಸ್ ಅವಧಿಯಲ್ಲೇ ಎರಡು ತಿಂಗಳು ಕಳೆದುಹೋಗಿರುತ್ತೆ, ನೆನಪಿರಲಿ.

ದೂರಿನ ಆರು ಪ್ರತಿ ಕೊಡಬೇಕು. ಎದುರಾಳಿಗೆ ಉತ್ತರಿಸಲು 10 ಕೆಲಸದ ದಿನ, ವಿಚಾರಣೆಗೆ 90 ದಿನ. ಸಮಿತಿ ಮುಂದೆ ಇಬ್ಬರಿಗೂ ವಕೀಲರಿಲ್ಲ. 10ಕ್ಕಿಂತ ಕಡಿಮೆ ಜನರ ಸಂಸ್ಥೆಯಾದರೆ, ಅಥವಾ ದೂರು ಮಾಲೀಕನ ಮೇಲೆಯೇ ಆದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ. ಸಾಬೀತು ಮಾಡಲಾಗಲಿಲ್ಲ ಅಂದ ಮಾತ್ರಕ್ಕೆ ಸುಳ್ಳು ದೂರು ಅಂತ ಶಿಕ್ಷೆ ಇಲ್ಲ. ಈ ಹೆದರಿಕೆಯಲ್ಲೇ ಎಷ್ಟೋ ಜನ ಹಿಂದೆ ಸರೀತಾರೆ.

ಎಚ್‌ಆರ್_12ವರ್ಷ
ಇಲ್ಲಿ ನನ್ನ ಅನುಭವದ ಮಾತು ಕೇಳಿ. ಬಡ್ತಿ ಕೊಡಲಿಲ್ಲ ಅನ್ನೋ ದೂರನ್ನು ಈ ಸಮಿತಿಗೆ ತರಬೇಡಿ. ಲೈಂಗಿಕ ಸ್ವರೂಪದ ವರ್ತನೆ ಇಲ್ಲದಿದ್ದರೆ ಸಮಿತಿ ಅದನ್ನು ಮುಚ್ಚುತ್ತೆ, ಆ ಆದೇಶವನ್ನೇ ಕಂಪನಿ ಬೇರೆ ಕಡೆ ತೋರಿಸುತ್ತೆ. "ಒಪ್ಪದಿದ್ದಕ್ಕೆ ಬಡ್ತಿ ತಪ್ಪಿಸಿದ" ಅಂತಾದರೆ ಆಗ ಅದು ಇಲ್ಲಿಗೇ ಸೇರಿದ್ದು.

ಲೆಸ್ಟರ್_ಕನ್ನಡಿಗ
ಬ್ರಿಟನ್‌ನಲ್ಲಿ 2010ರ ಸಮಾನತಾ ಕಾಯ್ದೆ ಒಂದರಲ್ಲೇ ಇವೆಲ್ಲ ಇವೆ. ಮೊದಲು ಎಕಾಸ್ ಅನ್ನೋ ಸಂಧಾನ ಸಂಸ್ಥೆ ಮೂಲಕ ರಾಜಿ ಪ್ರಯತ್ನ, ಆಮೇಲೆ ಟ್ರಿಬ್ಯೂನಲ್. ತಾರತಮ್ಯ ಇರಬಹುದು ಅನ್ನುವಷ್ಟು ಸಂಗತಿ ತೋರಿಸಿದರೆ ಅಲ್ಲ ಅಂತ ತೋರಿಸೋ ಹೊಣೆ ಕಂಪನಿಯದು. ಭಾರತದಲ್ಲಿ ನಾಲ್ಕು ಕಚೇರಿ ಅಲೆಯಬೇಕು ಅಂದರೆ ಬೇಸರ ಆಗುತ್ತೆ.

ಪೀಣ್ಯ_ಎರಡನೇಹಂತ
ಬೇಸರ ನಮಗೂ ಇದೆ. ಒಂದೇ ಕಾಯ್ದೆ ಬರಲಿ ಅಂತ ಕೇಳೋಣ, ಅಲ್ಲೀವರೆಗೂ ಇರೋ ಬಾಗಿಲು ತಟ್ಟಬೇಕಲ್ಲ.

ನದೀತೀರ
ವಿಷಯ ಸ್ವಲ್ಪ ಆಚೆ ಹೋಗುತ್ತೆ. 2025ರಲ್ಲಿ ನಮ್ಮ ರಾಜ್ಯ ಸರ್ಕಾರ ವರ್ಷಕ್ಕೆ 12 ದಿನ ಮುಟ್ಟಿನ ರಜೆ ತಂದ ಮೇಲೆ "ಇನ್ನು ಹೆಂಗಸರನ್ನ ತಗೊಳ್ಳೋದೇ ಬೇಡ" ಅನ್ನೋ ಮಾತು ಕೇಳಿಬರ್ತಿದೆ.

ವಕೀಲ_ಧಾರವಾಡ
ಹಂಗ ಮಾಡಿದ್ರ ವೇತನ ಸಂಹಿತೆಯ 3ನೇ ಕಲಮಿನ ಉಲ್ಲಂಘನೆ ಆಗತದ. ನೇಮಕಾತಿಯೊಳಗೂ ಲಿಂಗ ನೋಡೂಹಂಗಿಲ್ಲ. ಅಂಥಾ ಮಾತು ಬರದ ಮೇಲ್ ಸಿಕ್ರ ತಗದು ಇಡ್ರಿ.

ಇನ್ನ ಕೆಲಸ ವಾಪಸ್ ಬೇಕು ಅನ್ನೋರಿಗೆ. ಕೈಗಾರಿಕಾ ಸಂಬಂಧ ಸಂಹಿತೆಯ "ಕಾರ್ಮಿಕ" ಅನ್ನೂ ವ್ಯಾಖ್ಯೆಯೊಳಗ ಬಂದ್ರ ಸಂಧಾನಾಧಿಕಾರಿ, ಆಮ್ಯಾಲೆ ಕೈಗಾರಿಕಾ ಟ್ರಿಬ್ಯೂನಲ್. ವಿವಾದ ಹುಟ್ಟಿದ 2 ವರ್ಷ ಕಳದ ಮ್ಯಾಲೆ ಸಂಧಾನ ನಡಸೂಹಂಗಿಲ್ಲ. ಹಳೇ ಕಾಯ್ದೆಯೊಳಗ 3 ವರ್ಷ ಇತ್ತು, ಆ ನೆನಪಿನಾಗ ತಡ ಮಾಡಬ್ಯಾಡ್ರಿ. ಸಂಧಾನ ಮುರದ ವರದಿ ಕೈಗೆ ಬಂದ ಮ್ಯಾಲೆ 90 ದಿನದಾಗ ಟ್ರಿಬ್ಯೂನಲ್‌ಗೆ ಹೋಗಬೇಕು.

ಎಚ್‌ಆರ್_12ವರ್ಷ
ಸಾಫ್ಟ್‌ವೇರ್ ಇಂಜಿನಿಯರ್ ಕಾರ್ಮಿಕರಾ? ಕಂಪನಿಗಳು ಅಲ್ಲ ಅಂತಲೇ ವಾದಿಸ್ತವೆ.

ವಕೀಲ_ಧಾರವಾಡ
ವಾದ ಮಾಡ್ಲಿ. ತಾಂತ್ರಿಕ ಕೆಲಸಕ್ಕ ಸಂಬಳದ ಮಿತಿ ಇಲ್ಲ. ₹18,000ದ ಮಿತಿ ಇರೂದು ಮೇಲ್ವಿಚಾರಕರಿಗೆ. ನೋಡೂದು ಹುದ್ದೆಯ ಹೆಸರಲ್ಲ, ಮುಖ್ಯ ಕೆಲಸ ಏನು ಅಂತ. ದಿನಾ ಕೋಡ್ ಬರಿಯೂ "ಸೀನಿಯರ್" ಬ್ಯಾರೆ, ಹತ್ತು ಮಂದಿಯ ರಜೆ ಮಂಜೂರು ಮಾಡಿ ಅಪ್ರೈಸಲ್ ಬರಿಯೂ "ಲೀಡ್" ಬ್ಯಾರೆ. ಎರಡನೇಯವರಿಗೆ ಇಲ್ಲಿ ಕಷ್ಟ. ಸಿವಿಲ್ ಕೋರ್ಟಿಗೆ ಹೋದ್ರ ಸಾಮಾನ್ಯವಾಗಿ ನೋಟಿಸ್ ಅವಧಿಯ ಸಂಬಳದಷ್ಟ ಸಿಗತದ, ಕೆಲಸ ವಾಪಸ್ ಬರೂದಿಲ್ಲ. ಆದ್ರ ಸಮಾನ ವೇತನಕ್ಕೂ ಹೆರಿಗೆ ಸೌಲಭ್ಯಕ್ಕೂ ಈ ತಕರಾರು ಇಲ್ಲ. ಅಲ್ಲಿ ಮ್ಯಾನೇಜರೂ ಕೇಳಬಹುದು.

ಸುಮಾ_ಬನಶಂಕರಿ
ಫೀಸ್ ಕೊಡೋಕೆ ಆಗದವರಿಗೆ? ಮಹಿಳಾ ಆಯೋಗಕ್ಕೆ ಬರೆದರೆ ಸಾಕಾ?

ಹಳೆಬೇರು
ಆಯೋಗ ಕರೆಸಿ ವಿಚಾರಿಸಬಹುದು, ಒತ್ತಡ ತರಬಹುದು. ಹಣ ಕೊಡಿಸುವ ಆದೇಶ ಅಲ್ಲಿಂದ ಬರಲ್ಲ, ಉಳಿದ ಗಡುವುಗಳೂ ಅದಕ್ಕಾಗಿ ನಿಲ್ಲಲ್ಲ. ವಕೀಲರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲಾ 15100ಕ್ಕೆ ಫೋನ್ ಮಾಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ನೆರವು. ಆದಾಯ ಪ್ರಮಾಣಪತ್ರ ತನ್ನಿ ಅಂದರೆ ಈ ಕಲಂ ತೋರಿಸಿ.

ಪೀಣ್ಯ_ಎರಡನೇಹಂತ
ಕೊನೇಗೆ ಅರ್ಜಿ ಕೊಡೋ ಓಡಾಟದ ಮಾತು. ಬೆಂಗಳೂರಿನವರು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ತಮ್ಮ ವ್ಯಾಪ್ತಿಯ ಅಧಿಕಾರಿ ಯಾರು ಅಂತ ಮೊದಲು ಕೇಳ್ಕೊಳ್ಳಿ. ಕೆಲಸದ ಜಾಗ ನೋಡಿ ವ್ಯಾಪ್ತಿ, ಮನೆ ವಿಳಾಸ ನೋಡಿ ಅಲ್ಲ. ಅರ್ಜಿ ಕೊಟ್ಟಾಗ ನಿಮ್ಮ ಪ್ರತಿ ಮೇಲೆ ಸ್ವೀಕೃತಿ ಮುದ್ರೆ, ತಾರೀಖು, ಇನ್‌ವರ್ಡ್ ನಂಬರ್ ಮೂರೂ ಬೀಳಬೇಕು. "ಇಟ್ಟೋಗಿ, ನೋಡ್ತೀವಿ" ಅಂದ್ರೆ ಇಡಬೇಡಿ, ಅಂಚೆಯಲ್ಲಿ ಕಳಿಸಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿಗೆ ಸೇರಿದೆ, ಕೌಂಟರ್‌ನಲ್ಲಿ ತಲುಪಿದ್ದಕ್ಕೆ ಪುರಾವೆ ಬೇಕು ಅಂತ ಬಾಯಿಬಿಟ್ಟು ಕೇಳಬೇಕು. ರಸೀದಿಯ ಶಾಯಿ ಆರು ತಿಂಗಳಿಗೆ ಮಾಸುತ್ತೆ, ಅವತ್ತೇ ಜೆರಾಕ್ಸ್ ತೆಗೆಸಿ.

ಸುಮಾ_ಬನಶಂಕರಿ
ಎಲ್ಲರಿಗೂ ವಂದನೆ. ಇವತ್ತು ಬಂದವರಲ್ಲಿ ಒಬ್ಬರಿಗೆ ಆದೇಶ ಸಿಕ್ಕಿ 41 ದಿನ ಆಗಿದೆ, 19 ಉಳಿದಿದೆ. ಅವರ ಹೆರಿಗೆ ಅರ್ಜಿ ಮೊದಲು ಬರೀತೀವಿ, ಸಂಬಳದ್ದು ಆಮೇಲೆ.